ಅರಳೀಕಟ್ಟೆಯ ಈಚೆಗೆ

ಇಂದ್ರಾಣಿಗೆ ಕಾರು ಓಡಿಸುವುದನ್ನು ಹೇಳಿಕೊಟ್ಟವನು ಗಂಡ ಕಾಂತರಾಜು. ಕಲಿಸಿದ್ದು ಮಾತ್ರ ಸಾರಿನ ಪಾತ್ರೆ.

ಬಾಗೂರು ಸಂತೆಯಿಂದ ಬರುವಾಗ ಕಾಂತರಾಜು ಬೈಕಿನಿಂದ ಬಿದ್ದು ಮಂಡಿಚಿಪ್ಪು ಒಡೆದುಕೊಂಡ ಬೇಸಿಗೆ ಅದು. ತೋಟದಲ್ಲಿ ಕಾಯಿ ಕೀಳುವವರು, ಸುಲಿಯುವವರು ತುಂಬಿದ್ದರು. ಅವರಿಗೆ ಹೊತ್ತಿಗೆ ಸರಿಯಾಗಿ ಮುದ್ದೆ, ಸಾರು ಹೋಗಬೇಕು. ಅಲ್ಲಿಯವರೆಗೆ ಅದೆಲ್ಲ ಹೋಗುತ್ತಿದ್ದದ್ದು ಇಂದ್ರಾಣಿಯ ತಲೆಯ ಮೇಲೆ. ಆದರೆ ಆ ವರ್ಷ ಅತ್ತೆಯೂ ಹಾಸಿಗೆ ಹಿಡಿದಿದ್ದರು. ಅವಳು ತೋಟಕ್ಕೆ ನಡೆದು ಹೋಗಿ ಬರುವಷ್ಟರಲ್ಲಿ ಮನೆಯಲ್ಲಿ ಅತ್ತೆಯ ಗಂಜಿ ತಪ್ಪುತ್ತಿತ್ತು, ಹಸುಗಳು ನೀರಿಲ್ಲದೆ ಅರಚುತ್ತಿದ್ದವು. ಬೇರೆ ದಾರಿ ಕಾಣದೆ ಕಾಂತರಾಜು ಹೆಂಡತಿಯನ್ನು ಮನೆಯ ಬಿಳಿ ಓಮ್ನಿಯ ಸ್ಟೀರಿಂಗ್ ಮುಂದೆ ಕೂರಿಸಿದ.

ಹಿತ್ತಲ ಹಿಂದಿನ ಬಂಡಿಜಾಡು ಹಿಡಿದು, ಒಣಗಿದ ಕೆರೆಯಂಗಳ ದಾಟಿದರೆ ತೋಟ. ಪ್ಲಾಸ್ಟರಿನ ಕಾಲು ಚಾಚಿಕೊಂಡು ಪಕ್ಕದಲ್ಲಿ ಕೂತ ಗಂಡ ದಾರಿಯುದ್ದಕ್ಕೂ ಬೈಯುತ್ತಿದ್ದ. ಸಾರಿನ ಪಾತ್ರೆ ಸೀಟಿನ ಹಿಂದೆ. ಇಂಜಿನ್ ಸೀಟಿನಡಿಯಲ್ಲೇ ಇದ್ದದ್ದರಿಂದ ಸಾರು ಆರುತ್ತಿರಲಿಲ್ಲ. ಕ್ಲಚ್ಚನ್ನು ಒರಟಾಗಿ ಬಿಟ್ಟರೆ ಮುಚ್ಚಳ ಲಟಲಟ ಕುಣಿಯುತ್ತಿತ್ತು. ಎಲ್ಲಿ ತಪ್ಪಿತೆಂಬುದು ಗಂಡನ ಬೈಗುಳದಲ್ಲಿ ಗೊತ್ತಾಗುತ್ತಿರಲಿಲ್ಲ, ಮುಚ್ಚಳದ ಸದ್ದಿನಲ್ಲಿ ಗೊತ್ತಾಗುತ್ತಿತ್ತು. ಅದು ಸದ್ದು ಮಾಡದ ದಿನ ತನಗೆ ಗಾಡಿ ಬಂತೆಂದು ಇಂದ್ರಾಣಿ ಅಂದುಕೊಂಡಳು. ಹಾಸನಕ್ಕೆ ಹೋಗಿ ಲೈಸೆನ್ಸ್ ತಂದದ್ದು ಆಮೇಲೆ.

ತಲೆಯ ಹೊರೆ ಇಳಿಯಿತು, ಕೆಲಸ ಇಳಿಯಲಿಲ್ಲ. ಗಾಡಿ ಬರುತ್ತದಲ್ಲ ಎಂದು ಚನ್ನರಾಯಪಟ್ಟಣದಿಂದ ಬೂಸ ತರುವುದು ಅವಳ ಪಾಲಿಗೆ ಬಂತು. ಅತ್ತೆಯನ್ನು ಹಾಸನದ ಆಸ್ಪತ್ರೆಗೆ ಕರೆದೊಯ್ಯುವುದು, ಹಬ್ಬ ಮುಗಿಸಿದ ನಾದಿನಿಯನ್ನು ಅರಕಲಗೂಡಿಗೆ ಬಿಟ್ಟುಬರುವುದು ಕೂಡ. ಬಂದ ಮೇಲೆ ಒಲೆ ಹಚ್ಚುವುದು ಹೇಗೂ ಇದ್ದದ್ದೇ. ಆದರೂ ತೋಟದಿಂದ ಒಬ್ಬಳೇ ವಾಪಸಾಗುವಾಗ ಖಾಲಿ ಪಾತ್ರೆಗಳ ಜೊತೆ ಕೆರೆಯಂಗಳ ದಾಟುವಷ್ಟು ಹೊತ್ತು ಅವಳನ್ನು ಯಾರೂ ಕೂಗುತ್ತಿರಲಿಲ್ಲ. ದಿನದಲ್ಲಿ ಅಷ್ಟು ಹೊತ್ತು ಅವಳದು.

ಕಾಂತರಾಜುವಿನ ಮಂಡಿ ಸರಿಯಾಗಿ ಮಡಚಲೇ ಇಲ್ಲ. ಕ್ಲಚ್ ಒತ್ತಿ ಒತ್ತಿ ನೋಯುತ್ತಿತ್ತು. ಹಾಗಾಗಿ ಪೇಟೆಯ ದಾರಿಯಲ್ಲೂ ಓಡಿಸುವವಳು ಅವಳೇ. ಅದಕ್ಕೊಂದು ಪದ್ಧತಿ ಮಾತ್ರ ಬೆಳೆಯಿತು. ಮನೆಯಿಂದ ಊರಾಚೆಯ ಅರಳೀಕಟ್ಟೆ ದಾಟುವವರೆಗೆ ಗಂಡ ಓಡಿಸಬೇಕು. ಅಲ್ಲಿ ತಿರುವಿನ ಮರೆಯಲ್ಲಿ ಇಬ್ಬರೂ ಇಳಿದು ಸೀಟು ಬದಲಿಸಬೇಕು. ಬರುವಾಗ ಅದೇ ಜಾಗದಲ್ಲಿ ಮತ್ತೆ ಬದಲು. ಪೆಡಲಿಗೆ ಕಾಲು ಎಟುಕಲೆಂದು ಬೆನ್ನಿಗೆ ಇಟ್ಟುಕೊಳ್ಳುವ ದಿಂಬನ್ನು ಅವಳು ಎತ್ತಿಕೊಂಡು ಪಕ್ಕದ ಸೀಟಿಗೆ ಬಂದು ಕೂರುವಳು. ಕಟ್ಟೆಯ ಮೇಲೆ ಕೂತವರಿಗೆ ಇದೆಲ್ಲ ಗೊತ್ತಿತ್ತು. ಗೊತ್ತಿಲ್ಲದಂತೆ ಅವರು ಕಾಂತರಾಜುವಿಗೆ ಕೈಯೆತ್ತುತ್ತಿದ್ದರು. ಊರ ಓಣಿ ಇಕ್ಕಟ್ಟು. ಅವನು ಕಟ್ಟೆಯಿಂದ ಮನೆಗೆ ಫಸ್ಟ್ ಗೇರಿನಲ್ಲೇ ಬರುತ್ತಿದ್ದ.

ಹೋದ ವರ್ಷ ಕ್ಲಚ್ಚೇ ಇಲ್ಲದ ಕಾರುಗಳಿವೆಯೆಂದು ಯಾರೋ ಅವನಿಗೆ ಹೇಳಿದರು. ಓಮ್ನಿ ಮಾರಿ ಅಂಥದ್ದೊಂದು ತರುವುದೆಂದು ತೀರ್ಮಾನವಾಯಿತು. ಓಮ್ನಿ ಹೋಗದೆ ಹೊಸದು ಬರುವಂತಿರಲಿಲ್ಲ. ತೋಟದ ಊಟ ಹೇಗೆ ಎಂದು ಇಂದ್ರಾಣಿ ಕೇಳಿದಳು.

“ವಸಾ ಗಾಡೀಲಿ ಸಾರು, ಬೂಸ ತುಂಬಕ್ಕಾಯ್ತದಾ? ನೀನು ಅದ್ನ ಮುಟ್ಟಂಗೇ ಇಲ್ಲ. ಮೊದ್ಲು ತಲೆ ಮ್ಯಾಲೆ ಒರ್ತಿರ್ನಿಲ್ವಾ, ಅಂಗೇ ಒರು.”

ಕೊಳ್ಳಲು ಬಂದವನು ರಾಮನಾಥಪುರದ ಪರಮೇಶ್. ಹೊಗೆಸೊಪ್ಪು ಸಾಗಿಸಲು ಅವನಿಗೆ ಗಾಡಿ ಬೇಕಿತ್ತು. ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತ, ಯಾರು ಯಾರು ಓಡಿಸಿದ್ದಾರೆ ಅಂದ.

“ಒಂದೇ ಕೈ ಗಾಡಿ ಕಣಪ್ಪ. ನಾನ್ ಬುಟ್ರೆ ಇನ್ಯಾರೂ ಮುಟ್ಟಿಲ್ಲ. ಎಂಗಸ್ರ ಕೈಗಂತೂ ಕೊಟ್ಟೇ ಇಲ್ಲ,” ಎಂದ ಕಾಂತರಾಜು.

ಖಾಲಿ ಲೋಟ ತೆಗೆದುಕೊಳ್ಳಲು ಬಂದ ಇಂದ್ರಾಣಿಗೆ ಅದು ಕೇಳಿಸಿತು. ಲೋಟ ತೆಗೆದುಕೊಂಡು ಅಂಗಳದ ನಲ್ಲಿಯ ಹತ್ತಿರ ಪಾತ್ರೆ ಉಜ್ಜಲು ಕೂತಳು.

ಹಾಗಿದ್ದರೆ ಓಡಿಸಿ ತೋರಿಸಿ ಎಂದು ಪರಮೇಶ್ ಪಕ್ಕದಲ್ಲಿ ಹತ್ತಿದ. ಗಾಡಿ ಕಟ್ಟೆ ದಾಟಿ ಟಾರ್ ರಸ್ತೆಗೆ ಬಿತ್ತು. ಅಲ್ಲಿ ಸೆಕೆಂಡ್ ಗೇರ್ ಹಾಕಬೇಕಾಯಿತು. ಹಳೆಯ ಗಾಡಿ. ಅದರ ಸೆಕೆಂಡ್ ಗೇರ್ ಸವೆದಿತ್ತು. ನ್ಯೂಟ್ರಲ್‌ನಲ್ಲಿ ಒಂದು ಉಸಿರು ತಡೆದು, ಆಮೇಲೆ ನಯವಾಗಿ ಎಳೆದರೆ ಬೀಳುತ್ತಿತ್ತು. ಇಂದ್ರಾಣಿಯ ಕೈ ಅದನ್ನು ಯೋಚಿಸದೆ ಮಾಡುತ್ತಿತ್ತು. ಕಾಂತರಾಜು ಜೋರಾಗಿ ಎಳೆದ. ಗರಗರ ಎಂದು ಗೇರು ಅರೆದ ಸದ್ದು ಅಂಗಳದ ನಲ್ಲಿಯವರೆಗೂ ಬಂತು. ಮತ್ತೆ ಬಂತು. ಅವಳು ಬೂದಿ ಹಚ್ಚಿ ಉಜ್ಜುತ್ತಲೇ ಇದ್ದಳು.

ವಾಪಸು ಬಂದಾಗ ಪರಮೇಶನ ಮುಖ ಸಪ್ಪಗಿತ್ತು. ಗೇರ್‌ಬಾಕ್ಸ್ ಹೋಗಿದೆ, ಇದು ತನಗೆ ಆಗುವುದಿಲ್ಲ ಅಂದ. ಕಾಂತರಾಜು ಕುಂಟುತ್ತ ನಲ್ಲಿಯ ಹತ್ತಿರ ಬಂದು ದನಿ ತಗ್ಗಿಸಿದ.

“ಲೇ, ಏಳು. ಒಂದ್ ರೌಂಡ್ ಓಡ್ಸಿ ತೋರ್ಸು.”

ಅವಳು ಕೈಯಲ್ಲಿದ್ದ ಸಾರಿನ ಪಾತ್ರೆಯನ್ನು ತೊಳೆದು ಬೋರಲು ಹಾಕಿದಳು. ಎದ್ದು ಓಡಿಸಿದರೆ ಪರಮೇಶ್ ಗಾಡಿ ಒಯ್ಯುತ್ತಾನೆ. ಗಾಡಿ ಹೋದರೆ ಈ ಪಾತ್ರೆ ಮತ್ತೆ ಅವಳ ತಲೆಗೆ.

“ನಂಗೆಲ್ಲಿ ಬತ್ತದೆ?” ಅಂದಳು, ಜಗಲಿಗೆ ಕೇಳುವಷ್ಟು ದನಿಯಲ್ಲಿ. “ಎಂಗಸ್ರ ಕೈಗೆ ಕೊಟ್ಟಿಲ್ಲ ಅಂತ ನೀವೇ ಏಳುದ್ರಲ್ಲ.”

ಪರಮೇಶ್ ಚಪ್ಪಲಿ ಮೆಟ್ಟಿಕೊಂಡ. ಹೋಗುವಾಗ ಗಾಡಿಯ ಸೀಟಿನ ಮೇಲಿದ್ದ ದಿಂಬನ್ನೊಮ್ಮೆ, ಇಂದ್ರಾಣಿಯನ್ನೊಮ್ಮೆ ನೋಡಿದ. ಬತ್ತೀನಿ ಕಣಕ್ಕ ಎಂದಷ್ಟೇ ಹೇಳಿದ.

ಆ ವಾರ ಬೂಸ ತರಲು ಗಂಡ ಹೆಂಡತಿ ಚನ್ನರಾಯಪಟ್ಟಣಕ್ಕೆ ಹೋದರು. ಬರುವಾಗ ಕಟ್ಟೆಯ ತಿರುವು ಬಂತು. ಕಾಂತರಾಜು ರೂಢಿಯಂತೆ ಇಳಿಯಲು ಬಾಗಿಲಿಗೆ ಕೈ ಹಾಕಿದ. ಇಂದ್ರಾಣಿ ವೇಗ ತಗ್ಗಿಸಿದಳು, ಒಂದು ಉಸಿರು ತಡೆದು ಸೆಕೆಂಡ್ ಗೇರ್ ಹಾಕಿದಳು. ಗಾಡಿ ನಿಲ್ಲಲಿಲ್ಲ. ಕಟ್ಟೆಯ ಮೇಲಿದ್ದ ಚನ್ನಪ್ಪ ರೂಢಿಯಂತೆ ಕೈಯೆತ್ತಿದವನು, ಯಾರ ಕಡೆಗೆ ಎತ್ತಬೇಕೆಂದು ತಿಳಿಯದೆ ಹಾಗೆಯೇ ಹಿಡಿದಿದ್ದ.

ಮನೆಯ ಮುಂದೆ ಕಾಂತರಾಜು ಇಳಿದು ಒಳಗೆ ಹೋದ. ಹಿಂದೆ ಬೂಸದ ಚೀಲಗಳಿದ್ದವು. ಇಂದ್ರಾಣಿ ಸೆರಗು ಸಿಕ್ಕಿಸಿಕೊಂಡು ಒಂದೊಂದಾಗಿ ಇಳಿಸತೊಡಗಿದಳು.