ತಾಮ್ರದ ಕೊಡ ತೇಲಿದ ದಿನ

ನಾನು ಚಿಕ್ಕವಳಿದ್ದಾಗ ಒಂದು ವಿಷಯ ನನಗೆ ಖಂಡಿತ ಗೊತ್ತಿತ್ತು. ಹಗುರವಾದದ್ದು ತೇಲುತ್ತದೆ, ಭಾರವಾದದ್ದು ಮುಳುಗುತ್ತದೆ. ಅಲ್ಲ ಎಂದವರ ಜೊತೆ ಜಗಳಕ್ಕೇ ನಿಲ್ಲುತ್ತಿದ್ದೆ. ಆ ಜಂಬ ಇಳಿದದ್ದು ದೇವಸಮುದ್ರದ ಹತ್ತಿರದ ನಮ್ಮೂರ ಕೆರೆಯಲ್ಲಿ, ಕುರಿ ತೊಳೆಯುವ ದಿನ.

ಉಣ್ಣೆ ಕತ್ತರಿಸುವ ಮುಂಚೆ ಕುರಿಗಳನ್ನು ನೀರಿಗಿಳಿಸಿ ತೊಳೆಯಬೇಕು. ಆ ವರ್ಷ ಕೆರೆ ತುಂಬಿತ್ತು. ಬೆಳಗಿನ ಗಾಳಿ ಕೊರೆಯುತ್ತಿತ್ತು. ಎಲ್ಲೆಲ್ಲೂ ಒದ್ದೆ ಉಣ್ಣೆಯ ಘಾಟು, ಕುರಿಗಳ ಅರಚಾಟ. ಅಪ್ಪ ಮೊಣಕಾಲುದ್ದ ನೀರಲ್ಲಿ ನಿಂತು ತೊಳೆಯುತ್ತಿದ್ದ. ಅಕ್ಕ ಅಜ್ಜನ ಕರಿ ಕಂಬಳಿ ಹೊದ್ದು ಕುರಿ ಹಿಡಿದು ಕೊಡುತ್ತಿದ್ದಳು. ನಾನು ದಡದಲ್ಲಿ ಬುತ್ತಿಗಂಟನ್ನೂ ಕುಡಿಯುವ ನೀರಿನ ತಾಮ್ರದ ಕೊಡವನ್ನೂ ಕಾಯುತ್ತಿದ್ದೆ.

ಕೊಬ್ಬಿದ ಟಗರೊಂದು ಇದ್ದಕ್ಕಿದ್ದಂತೆ ಬೆದರಿ ಓಡಿತು. ಅಕ್ಕ ಹಟಮಾರಿ, ಕೊಂಬು ಬಿಡಲಿಲ್ಲ. ಹೊಲಕ್ಕೆಂದು ಕೆರೆಯ ಮಣ್ಣು ತೆಗೆದು ಆಳವಾಗಿದ್ದ ಗುಂಡಿಗೆ ಅದು ಅವಳನ್ನು ಎಳೆದೊಯ್ದಿತು. ಟಗರು ಈಜಿ ದಡ ಸೇರಿತು. ಅಕ್ಕನಿಗೆ ಈಜು ಬರುತ್ತಿರಲಿಲ್ಲ.

ಮೊದಲು ಕಂಬಳಿ ಗಾಳಿ ತುಂಬಿಕೊಂಡು ಅವಳ ಸುತ್ತ ಉಬ್ಬಿ ನಿಂತಿತು. ಕಂಬಳಿ ಹಗುರ, ತೇಲುತ್ತಾಳೆ ಎಂದು ಧೈರ್ಯ ತಂದುಕೊಂಡೆ. ನೋಡನೋಡುತ್ತಲೇ ಗಾಳಿ ಗುಳುಗುಳು ಹೊರಬಂತು. ಉಣ್ಣೆ ನೀರು ಕುಡಿಯಿತು. ಅಕ್ಕನ ಗದ್ದ ಮುಳುಗಿತು.

"ಕಂಬ್ಳಿ ಬಿಡೇ!" ಅಪ್ಪ ಕಿರುಚಿದ.

ಅವಳು ಇನ್ನೂ ಬಿಗಿಯಾಗಿ ಹಿಡಿದಳು. ನಮ್ಮ ಮನೆಯಲ್ಲಿ ದೇವರನ್ನು ಕೂರಿಸುವುದು ಕಂಬಳಿಯ ಮೇಲೆ. ಅದನ್ನು ತುಳಿಯಬಾರದು, ಎಸೆಯಬಾರದು ಎಂದು ಕೇಳುತ್ತಲೇ ಬೆಳೆದವಳು.

"ದೇವ್ರ ಕಂಬ್ಳಿ ಅಪ್ಪಾ..." ಎನ್ನುವಾಗಲೇ ಬಾಯಿಗೆ ನೀರು ನುಗ್ಗಿತು.

ಅಪ್ಪ ದಡಕ್ಕೆ ಓಡಿಬಂದು ನನ್ನತ್ತ ಕೈ ಚಾಚಿದ. "ಕೊಡದಾಗಿನ ನೀರು ಚೆಲ್ಲಿ ಕೊಡು!"

"ತಾಮ್ರದ್ದಪ್ಪಾ, ಮುಳುಗ್ತೈತೆ!"

"ಮೊದ್ಲು ಚೆಲ್ಲು!"

ಚೆಲ್ಲಿ ಕೊಟ್ಟೆ. ಅಪ್ಪ ಕೊಡವನ್ನು ಬೋರಲು ಮಾಡಿ, ನೀರ ಮೇಲೆ ತಳ್ಳುತ್ತಾ ಈಜಿದ. ಅಷ್ಟು ಭಾರದ ಕೊಡ ತೇಲಿತು! ಆದರೆ ಅಕ್ಕನ ತಲೆ ಕಾಣುತ್ತಿರಲಿಲ್ಲ.

ಅಪ್ಪ ಮುಳುಗು ಹಾಕಿ, ಜಡೆ ಹಿಡಿದು ಅವಳನ್ನು ಎತ್ತಿದ. "ಬಿಡವ್ವಾ, ದೇವ್ರು ಏನೂ ಅನ್ನಲ್ಲ. ನಮ್ಗೆ ನೀನು ಬೇಕು" ಎಂದ. ಆಗ ಅವಳ ಬೆರಳು ಸಡಿಲವಾದವು. ಕಂಬಳಿ ತಳಕ್ಕೆ ಹೋಯಿತು. ಅಕ್ಕ ಕೊಡವನ್ನು ತಬ್ಬಿಕೊಂಡು, ಕೆಮ್ಮುತ್ತಾ, ಅಪ್ಪನ ಜೊತೆ ದಡಕ್ಕೆ ಬಂದಳು. ನಾನು ಅವಳ ಒದ್ದೆ ಮೈಯನ್ನು ಅಪ್ಪಿ ಹೋ ಎಂದು ಅತ್ತುಬಿಟ್ಟೆ.

"ಕೊಡದ ತುಂಬ ಗಾಳಿ ಐತೆ ಕಣವ್ವ. ಅದು ನೀರನ್ನ ಪಕ್ಕಕ್ಕೆ ದಬ್ತೈತೆ, ನೀರು ಅದನ್ನ ಮ್ಯಾಲಕ್ಕೆ ನೂಕ್ತೈತೆ. ಕಂಬ್ಳಿಯಾಗಿನ ಗಾಳಿ ಹೋಗ್ಬಿಡ್ತು" ಎಂದ ಅಪ್ಪ. ಅವನ ಹಲ್ಲು ಕಟಕಟ ಎನ್ನುತ್ತಿದ್ದವು.

ಈಗ ಚಳ್ಳಕೆರೆಯ ನಮ್ಮ ಮನೆ ಅಂಗಳದಲ್ಲಿ ನೀವು ಮಕ್ಕಳು ಬಕೆಟ್ ಇಟ್ಟುಕೊಂಡು ಇದೇ ಪಾಠ ಕಲಿಯುತ್ತೀರಿ. ಸ್ಟೀಲ್ ಬಟ್ಟಲು ತೇಲಿತು, ಆಲೂಗಡ್ಡೆ ಮುಳುಗಿತು ಎಂದು ಕುಣಿಯುತ್ತೀರಿ. ತನ್ನ ತೂಕದಷ್ಟು ನೀರನ್ನು ಸರಿಸಿದ್ದು ತೇಲುತ್ತದೆ ಎಂದು ನಿಮ್ಮ ಮಿಸ್ ಹೇಳಿದ್ದು ಸರಿಯಾಗಿಯೇ ಇದೆ. ಮುಳುಗಿದ್ದನ್ನು ಎತ್ತಿ, ನಕ್ಕು, ಮತ್ತೆ ನೀರಿಗೆ ಬಿಡುತ್ತೀರಿ. ಬಿಡಿ ಮಕ್ಕಳೇ, ಎಷ್ಟು ಸಲ ಬೇಕಾದರೂ ಬಿಡಿ. ನಮ್ಮಪ್ಪನಿಗೆ ಸಿಕ್ಕಿದ್ದು ಒಂದೇ ಸಲ.