ಕಡೇ ಪಾಳಿಯ ಜಳಕ

ನಾಲ್ಕು ಗಂಟೆಗೆ ಎದ್ದೆ. ಹಾಲು ಕಾಸಿದೆ. ಇಪ್ಪತ್ತು ಚಪಾತಿ ಲಟ್ಟಿಸಿದೆ. ಬದನೆಕಾಯಿ ಎಣ್ಣೆಗಾಯಿ ಮಾಡಿ ಡಬ್ಬಿಗೆ ತುಂಬಿದೆ. ಮುಚ್ಚಳ ಸರಿಯಾಗಿ ಕೂಡಲಿಲ್ಲವೆಂದು ಮೇಲೊಂದು ಬಟ್ಟೆ ಕಟ್ಟಿದೆ. ದೇವರ ಮುಂದೆ ದೀಪ ಹಚ್ಚಿದೆ. ನಲ್ಲಿ ಬಿಗಿ ಮಾಡಿದೆ, ಎರಡು ಸಲ. ಮಗಳನ್ನು ಎಬ್ಬಿಸಿದೆ, ನಾಲ್ಕು ಸಲ.

ಇದು ನನ್ನ ದಿನಚರಿಯ ಒಂದು ಪುಟ. ನಾವು ಮಡಗಾಂವಿನಿಂದ ಉತ್ತರಕ್ಕೆ, ಗೋವಾದ ಗಡಿ ದಾಟಿ, ರಾಜಾಪುರದ ಬಿಸಿನೀರಿನ ಬುಗ್ಗೆಗೆ ಹೋದ ಭಾನುವಾರದ್ದು. ಮಗಳು ವೀಣಾ ಮೊದಲ ಮೊಬೈಲು ಹಿಡಿದು ಓಡಾಡುತ್ತಿದ್ದ ಚಳಿಗಾಲ ಅದು. ನನ್ನ ದಿನಚರಿಯಲ್ಲಿ ದೊಡ್ಡ ಸಂಗತಿ ಹುಡುಕಿದರೆ ಸಿಗುವುದಿಲ್ಲ. ಯಾವ ಸರಕಾರ ಬಿತ್ತು ಎಂಬುದು ಅದರಲ್ಲಿಲ್ಲ, ಮೊಸರು ಯಾವ ದಿನ ಹುಳಿಯಾಯಿತು ಎಂಬುದಿದೆ. ಮನೆಯೊಳಗಿನ ಯಾವುದೂ ನನ್ನ ಕಣ್ಣು ತಪ್ಪಿಸುವುದಿಲ್ಲ ಎಂಬ ಸಣ್ಣ ಜಂಬ ನನಗೆ ಇಪ್ಪತ್ತೆರಡು ವರ್ಷ ಇತ್ತು. ಅದು ಇಳಿದದ್ದು ಒಂದು ಬಕೆಟ್ಟಿನಲ್ಲಿ ಕೈ ಅದ್ದಿದಾಗ.

ನಮ್ಮದು ಮಡಗಾಂವ್ ಮಾರ್ಕೆಟ್ಟಿನಲ್ಲಿ ಪಾತ್ರೆ ಅಂಗಡಿ. ಮಾವನವರು ಧಾರವಾಡದಿಂದ ಬಂದು ಹಾಕಿದ್ದು, ಈಗ ನಮ್ಮ ಮನೆಯವರು ನೋಡಿಕೊಳ್ಳುತ್ತಾರೆ. ಅಂಗಡಿಯ ಬಾಗಿಲಲ್ಲಿ ತಾಮ್ರದ ಹಂಡೆಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿರುತ್ತಾರೆ. ಊರಿನ ಅರ್ಧ ಮನೆಗಳ ಬಿಸಿನೀರು ನಮ್ಮ ಹಂಡೆಯದೇ ಎಂದು ಅವರು ಹೇಳುವುದುಂಟು. ನಮ್ಮ ಮನೆಯ ಹಂಡೆಯ ಒಲೆ ಹೊತ್ತಿಸುವವರು ಅತ್ತೆ. ಎಲ್ಲರಿಗಿಂತ ಮೊದಲು ಎದ್ದು, ತೆಂಗಿನ ಕರಟ ಹಾಕಿ, ಕಣ್ಣಲ್ಲಿ ನೀರು ಬರುವ ತನಕ ಊದಿ ಬೆಂಕಿ ಮಾಡುತ್ತಾರೆ. ಮೊದಲು ಮಗನ ಜಳಕ, ಆಮೇಲೆ ಮೊಮ್ಮಗಳದು, ಆಮೇಲೆ ನನ್ನದು. ಕಡೇ ಪಾಳಿ ಅವರದು.

ಡಿಸೆಂಬರಿನಲ್ಲಿ ಒಂದು ದಿನ ಅವರಿಗೆ ಟವೆಲ್ ಕೊಡಲು ಹೋದವಳು ಬಕೆಟ್ಟಿನ ನೀರು ಮುಟ್ಟಿ ನೋಡಿದೆ. ಬಾವಿಯಿಂದ ಆಗಷ್ಟೇ ಸೇದಿದಷ್ಟು ತಣ್ಣಗಿತ್ತು. ಅತ್ತೆಯ ಮಂಡಿನೋವಿಗೆ ಬಿಸಿನೀರು ಹಾಕಿರಿ ಎಂದು ಡಾಕ್ಟರು ಹೇಳಿ ಎರಡು ವರ್ಷವಾಗಿತ್ತು. ಡಾಕ್ಟರು ಹೇಳಿದ್ದನ್ನು ನಾನು ದಿನಚರಿಯಲ್ಲಿ ಬರೆದಿಟ್ಟಿದ್ದೆ ಕೂಡ. ಬರೆದರೆ ಕೆಲಸ ಆದಂತೆಯೇ ಎಂಬ ಭ್ರಮೆ ನನ್ನಂಥವರಿಗೆ ಇರುತ್ತದೆ.

ಗೀಜರ್ ತರಿಸಿದೆವು. ಪಾಳಿ ಮಾತ್ರ ಬದಲಾಗಲಿಲ್ಲ. ಮೂವರ ಜಳಕಕ್ಕೆ ಗೀಜರಿನ ಹೊಟ್ಟೆ ಖಾಲಿಯಾಗುತ್ತಿತ್ತು, ಇನ್ನೊಮ್ಮೆ ಕಾಯಿಸಲು ಅತ್ತೆ ಬಿಡುತ್ತಿರಲಿಲ್ಲ. "ಕರೆಂಟೇನು ಗಿಡದಾಗ ಬಿಡ್ತೈತೇನು?" ಎನ್ನುತ್ತಿದ್ದರು. ಮೊದಲು ನೀವು ಮಾಡಿರಿ ಎಂದರೆ ಒಂದೇ ಉತ್ತರ: "ಎಲ್ಲಾರದೂ ಆಗಲಿ." ನಾನು ಸೋತೆ. ಆಗ ಹೊಳೆದದ್ದು ರಾಜಾಪುರ. ಯಾರೂ ಕಾಯಿಸದ, ಎಷ್ಟು ಸುರಿದರೂ ಮುಗಿಯದ ನೀರು. ಅಲ್ಲಿಯಾದರೂ ಒಮ್ಮೆ ಅತ್ತೆ ಸುಡುಸುಡು ನೀರಿನಲ್ಲಿ ಮಂಡಿ ಇಟ್ಟು ಕೂರಲಿ, ಇಷ್ಟೇ ನನ್ನ ಆಸೆ. ಮನೆಯವರಿಗೆ ಹೇಳಿದೆ. ಬಾಡಿಗೆ ಗಾಡಿ ಗೊತ್ತುಮಾಡಿದರು.

ಗಾಡಿಯ ಡ್ರೈವರ್ ಯಮನಪ್ಪ ಬಾದಾಮಿ ಕಡೆಯವನು. ಸಾಮಾನು ಇಡುವಾಗ ಅತ್ತೆಯ ಗೋಣಿಚೀಲ ಎತ್ತಿದ. ಒಳಗೆ ಏನೋ ಕಟಕಟ ಎಂದಿತು.

"ಏನೈತ್ರಿ ಅಮ್ಮಾರ ಇದರಾಗ?"

"ಕರಟ."

"ಬಿಸಿನೀರಿನ ಬುಗ್ಗಿಗೆ ಹೊಂಟೀವಿ, ಕರಟ ಯಾಕ್ರಿ?"

"ನಾವು ಮುಟ್ಟೂದರಾಗ ನೀರು ಆರಿದ್ರ ಏನ್ ಮಾಡ್ತಿ?"

ಯಮನಪ್ಪ ನನ್ನ ಮುಖ ನೋಡಿದ. ನಾನು ಡಬ್ಬಿಯ ಬಟ್ಟೆಯ ಗಂಟು ಸರಿಮಾಡುವವಳಂತೆ ತಲೆ ತಗ್ಗಿಸಿದೆ. ಅರವತ್ತು ವರ್ಷ ದಿನಾ ಬೆಳಿಗ್ಗೆ ನೀರು ಆರುವುದನ್ನೇ ಕಂಡವರಿಗೆ, ಆರದ ನೀರಿನ ಮೇಲೆ ಹೇಗೆ ನಂಬಿಕೆ ಬರಬೇಕು? ಚೀಲ ಗಾಡಿ ಹತ್ತಿತು. ಜೊತೆಗೆ ಒಂದು ಸಣ್ಣ ಹಂಡೆಯೂ ಹತ್ತಿತು.

ದಾರಿಯಲ್ಲಿ ಸಾವಂತವಾಡಿ. ಅಲ್ಲಿ ಒಂದು ಓಣಿಯ ತುಂಬ ಕಟ್ಟಿಗೆಯ ಆಟಿಕೆ ಮಾಡುವವರು. ಕಟ್ಟಿಗೆಯ ಬಾಳೆಹಣ್ಣು, ಸೀತಾಫಲ, ಹಸಿಮೆಣಸಿನಕಾಯಿ, ಎಲ್ಲಕ್ಕೂ ಬಣ್ಣ ಬಳಿದು ನಿಜವೇ ಎನ್ನುವಂತೆ ಬುಟ್ಟಿಯಲ್ಲಿ ಇಟ್ಟಿರುತ್ತಾರೆ. ಅತ್ತೆ ಒಂದು ಮಾವಿನಹಣ್ಣು ಎತ್ತಿ, ತೊಟ್ಟಿನ ಹತ್ತಿರ ಒತ್ತಿ, ಮೂಗಿಗೆ ಹಿಡಿದರು. ವಾರ್ನಿಷ್ ವಾಸನೆ ಬಡಿದಿರಬೇಕು.

"ಕೊಳೆಯೂದಿಲ್ಲ, ಹುಳಾ ಬೀಳೂದಿಲ್ಲ," ವೀಣಾ ಅಜ್ಜಿಯನ್ನು ಕೆಣಕಿದಳು. "ಚಲೋ ಐತಿ ಅಲ್ಲೇನ್ ಆಯಿ?"

"ಚಲೋ ಐತಿ. ಯಾರಿಗರ ಹೆಚ್ಚಿ ಕೊಡಾಕ ಬರೂದಿಲ್ಲ, ಅಷ್ಟ ಕೊರತಿ."

ವೀಣಾ ಒಂದು ಚಿಪ್ಪು ಕಟ್ಟಿಗೆಯ ಬಾಳೆಹಣ್ಣು ಕೊಂಡಳು. ಮುಂದಿನ ನಾಲ್ಕು ತಿಂಗಳಲ್ಲಿ ನಮ್ಮ ಮನೆಗೆ ಬಂದ ಮೂವರು ಅತಿಥಿಗಳು ಅದನ್ನು ಸುಲಿಯಲು ನೋಡಿದರು. ಅದು ಬೇರೆ ಪುಟಗಳಲ್ಲಿದೆ.

ರಾಜಾಪುರ ಮುಟ್ಟುವಾಗ ಮಧ್ಯಾಹ್ನ. ಅಲ್ಲಿ ಎರಡು ವಿಚಿತ್ರಗಳಿವೆ. ಒಂದು, ತನಗೆ ಮನಸ್ಸು ಬಂದಾಗ ಮಾತ್ರ ಬರುವ ಗಂಗೆ. ಗುಡ್ಡದ ಮೇಲೆ ಕಲ್ಲಿನ ಕುಂಡಗಳಿವೆ. ಕೆಲವು ವರ್ಷಕ್ಕೊಮ್ಮೆ ಒಮ್ಮೆಲೇ ನೀರು ಉಕ್ಕಿ, ಕೆಲವು ದಿನ ಇದ್ದು, ಹೇಳದೆ ಕೇಳದೆ ಹೋಗಿಬಿಡುತ್ತದಂತೆ. ಭೂಮಿಯೊಳಗಿನ ಒತ್ತಡವೋ, ಕಲ್ಲಿನ ಬಿರುಕುಗಳ ಆಟವೋ ಎಂದು ತಿಳಿದವರು ಚರ್ಚೆ ಮಾಡುತ್ತಾರೆ. ನಾವು ಹೋದಾಗ ಕುಂಡಗಳೆಲ್ಲ ಒಣಗಿದ್ದವು. ಇಷ್ಟು ದೂರ ಬಂದರೂ ಗಂಗೆ ಇಲ್ಲವಲ್ಲ ಎಂದು ನಮ್ಮ ಮನೆಯವರು ಮುಖ ಸಣ್ಣ ಮಾಡಿದರು. ಅತ್ತೆ ಒಣ ಕುಂಡಕ್ಕೇ ಕೈಮುಗಿದರು. "ಬಂದಾಗ ಬರ್ತಾಳ ಬಿಡೋ ಈರಣ್ಣ. ಆಕಿಗೂ ಮನ್ಯಾಗ ಕೆಲಸ ಇರ್ತಾವ."

ಎರಡನೆಯ ವಿಚಿತ್ರವೇ ಬಿಸಿನೀರು. ಊರಿನ ಹೆಸರು ಉನ್ಹಾಳೆ, ಮರಾಠಿಯಲ್ಲಿ ಬೇಸಿಗೆಗೆ ಹತ್ತಿರದ ಮಾತು. ಹೆಂಗಸರಿಗೆ ಬೇರೆ, ಗಂಡಸರಿಗೆ ಬೇರೆ ಗೋಡೆ ಕಟ್ಟಿದ ಜಾಗ. ಅತ್ತೆಯ ಹಠಕ್ಕೆ ಕರಟದ ಚೀಲ, ಹಂಡೆ ಎರಡೂ ನಮ್ಮ ಜೊತೆ ಒಳಗೆ ಬಂದವು. ಕಲ್ಲಿನ ಬಾಯಿಯಿಂದ ನೀರು ಒಂದೇ ಸಮನೆ ಬೀಳುತ್ತದೆ, ಮೇಲೆ ತೆಳುವಾದ ಹಬೆ, ಗಂಧಕದ ವಾಸನೆ. ಅತ್ತೆ ಕೈ ಒಡ್ಡಿ ಸರಕ್ಕನೆ ಹಿಂದಕ್ಕೆ ಎಳೆದುಕೊಂಡರು. ಗೋಡೆಯ ಹಿಂದೆ ಹೋಗಿ ನೋಡಿಬಂದರು. ಒಲೆ ಎಲ್ಲಿಯೂ ಇರಲಿಲ್ಲ.

"ಖರೇನ ಬಿಸಿ ಐತಲ್ಲವಾ," ಎಂದರು, ಯಾರೋ ತಮ್ಮ ಕೆಲಸ ತಮಗಿಂತ ಚೆನ್ನಾಗಿ ಮಾಡಿದಾಗ ಬರುವ ದನಿಯಲ್ಲಿ.

"ಇಳೀರಿ ಅತ್ತಿ. ಮಂಡಿಗೆ ಹಾಕ್ಕೋರಿ."

"ಎಲ್ಲಾರದೂ ಆಗಲಿ."

ನಾನು ಲೆಕ್ಕಕ್ಕೆ ತೆಗೆದುಕೊಳ್ಳದೆ ಇದ್ದ ಮಾತು ಅದೇ. ಮನೆಯಲ್ಲಿ ಎಲ್ಲಾರೂ ಎಂದರೆ ಮೂರು ಜನ. ಇಲ್ಲಿ ಎಲ್ಲಾರೂ ಎಂದರೆ ಕೊಂಕಣದ ಅರ್ಧ. ವೀಣಾ ಮಿಂದು ಹೊರಗೆ ಹೋದಳು. ರತ್ನಾಗಿರಿಯಿಂದ ಒಂದು ಬಸ್ಸಿನ ಹೆಂಗಸರು ಬಂದರು. ಅತ್ತೆ ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟರು. ಅವರು ಹೋಗುವಷ್ಟರಲ್ಲಿ ಇನ್ನೊಂದು ಗುಂಪು. ಅದರಲ್ಲಿನ ಒಂದು ಕೂಸಿಗೆ ಅತ್ತೆಯೇ ಕೂತು ಎರೆದರು. ಮುಕ್ಕಾಲು ಗಂಟೆ ಕಳೆಯಿತು. ಅವರ ಸೀರೆಯ ಅಂಚು ಮಾತ್ರ ಒದ್ದೆಯಾಗಿತ್ತು. ಮೂರು ಗಂಟೆಗೆ ಹೊರಡದಿದ್ದರೆ ಘಟ್ಟದ ತಿರುವಿನಲ್ಲಿ ಕತ್ತಲಾಗುತ್ತದೆ ಎಂದು ಯಮನಪ್ಪ ಮೊದಲೇ ಹೇಳಿದ್ದ.

ಆ ಗುಂಪು ಹೊರಟಾಗ ನಾವಿಬ್ಬರೇ ಉಳಿದೆವು. ನಾನು ಮೆಟ್ಟಿಲ ಮೇಲೆ ಗಟ್ಟಿಯಾಗಿ ಕೂತೆ.

"ನಾನೂ ಮಾಡೂದಿಲ್ಲ ಅತ್ತಿ. ಇವತ್ತು ಕಡೇ ಪಾಳಿ ನಂದು."

"ಅದನ್ಯಾಕ ಕಸಗೊಳ್ತಿ?"

ಕಸಿದುಕೊಳ್ಳುವುದು. ನನಗೆ ಅರ್ಥವಾಗಲಿಲ್ಲ. ತಣ್ಣೀರಿನಿಂದ ಅವರನ್ನು ಬಿಡಿಸುವವಳು ನಾನು, ಕಸಿಯುವವಳು ಹೇಗಾದೆ? ಅತ್ತೆ ಪಕ್ಕದಲ್ಲಿ ಬಂದು ಕೂತರು.

"ನಾ ಮದಿವ್ಯಾಗಿ ಬಂದಾಗ ಮನ್ಯಾಗ ಹನ್ನೊಂದು ಮಂದಿ ಶಾಂತಾ. ಬಚ್ಚಲ ಒಂದ. ನಡಕ ಹೋದ್ರ ಹೊರಗ ಬಾಗಲಾ ಬಡಿಯವ್ರ ಬಡಿಯವ್ರು. ಕಡೇಕ ಹೋದ್ರ ಯಾರೂ ಬಡಿಯಾಂಗಿಲ್ಲ. ಚಿಲಕಾ ಹಾಕ್ಕೊಂಡು ಕುಂತ್ರ ನಾ ಅದೇನಿ, ಬಚ್ಚಲ ಐತಿ. ಅಳೂದಿದ್ರ ಅಳಬಹುದು, ಹಾಡೂದಿದ್ರ ಹಾಡಬಹುದು. ನೀರು ತಣ್ಣಗಿದ್ರ ಇರಲಿ ಬಿಡು."

ಒಂದು ತಿಂಗಳಿಂದ ನಾನು ಮರುಗಿದ್ದೆಲ್ಲ ನೀರಿಗಾಗಿ. ಚಿಲಕದ ಕಡೆ ನನ್ನ ಕಣ್ಣು ಹೋಗಿರಲೇ ಇಲ್ಲ. ಇಡೀ ದಿನದಲ್ಲಿ ತಮ್ಮದು ಎನ್ನುವ ಕಾಲು ಗಂಟೆಯನ್ನು ಅವರು ಮಂಡಿನೋವು ತೆತ್ತು ಕೊಂಡಿದ್ದರು. ನಾನೋ, ಇಡೀ ಕೊಂಕಣದ ಎದುರು ಅವರನ್ನು ಮೀಯಿಸಲು ಕರೆತಂದಿದ್ದೆ.

ಎದ್ದೆ. ಬಾಗಿಲಿಲ್ಲದ ಆ ಗೋಡೆಯ ಸಂದಿಗೆ ಗೋಣಿಚೀಲ ಎಳೆದು ತಂದು ಅಡ್ಡ ಇಟ್ಟೆ. ಅದರ ಮೇಲೆ ಹಂಡೆ ಇಟ್ಟೆ. ಅದರ ಮುಂದೆ ಹೊರಮುಖವಾಗಿ ನಿಂತೆ.

"ಯಾರೂ ಬಡಿಯಾಂಗಿಲ್ಲ ಅತ್ತಿ. ನಾ ನಿಂದ್ರತೇನಿ. ಮಾಡ್ರಿ."

ಆಮೇಲೆ ಬಳೆಗಳನ್ನು ಮೇಲಕ್ಕೆ ಸರಿಸಿದ ಸದ್ದು, ನೀರಿಗೆ ಇಳಿದ ಸದ್ದು. ಇಬ್ಬರು ಹೆಂಗಸರು ಬಂದರು. "ಥೋಡಾ ಥಾಂಬಾ, ಆಜಾರಿ ಮಾಣೂಸ್," ಎಂದೆ. ಸ್ವಲ್ಪ ತಡೆಯಿರಿ, ಒಳಗೆ ರೋಗಿ ಇದ್ದಾರೆ ಎಂದಂತೆ; ನನ್ನ ಅಂಗಡಿ ಮರಾಠಿಯಲ್ಲಿ ಆ ಒಂದೇ ಸುಳ್ಳು ನೆನಪಾಯಿತು. ಅವರು ಹಂಡೆಯನ್ನು ನೋಡಿದರು, ನನ್ನನ್ನು ನೋಡಿದರು, ನೆರಳಿಗೆ ಹೋಗಿ ಕೂತರು. ಆಗ ಒಳಗಿನಿಂದ ಹಾಡು ಕೇಳಿಸಿತು. ಸಣ್ಣ ದನಿ, ಅಲ್ಲಲ್ಲಿ ಸಾಲು ಮರೆತು ಬರೀ ಗುನುಗು. ಇಪ್ಪತ್ತೆರಡು ವರ್ಷ ಒಂದೇ ಸೂರಿನ ಕೆಳಗಿದ್ದು, ಅತ್ತೆಗೆ ಹಾಡಲು ಬರುತ್ತದೆಂದು ನನಗೆ ಗೊತ್ತಿರಲಿಲ್ಲ.

ನಮ್ಮ ಮನೆಯವರು ಗೋಡೆಯ ಆಚೆಯಿಂದ ಕೂಗಿದರು. "ಏನ್ ಮಾಡಾಕತ್ತೀರಿ? ಮೂರೂ ಕಾಲಾತು."

"ಅತ್ತಿ ಜಳಕಾ ಮಾಡಾಕತ್ತಾರ್ರಿ."

"ಇಷ್ಟೊತ್ತು?"

"ಹೌದ್ರಿ. ಇಷ್ಟೊತ್ತು."

ನನ್ನ ಪಾಳಿ ಬರಲಿಲ್ಲ. ಹೊತ್ತಾಗಿತ್ತು. ಬುಗ್ಗೆಯ ನೀರನ್ನು ನಾನು ಮುಟ್ಟದೆಯೇ ಗಾಡಿ ಹತ್ತಿದೆ. ಅತ್ತೆ ಕಿಟಕಿಯ ಪಕ್ಕ ಕೂತು, ಒದ್ದೆ ಕೂದಲು ಬಿಚ್ಚಿ ಗಾಳಿಗೆ ಬಿಟ್ಟಿದ್ದರು.

ಮನೆಗೆ ಬಂದು, ಗೀಜರ್ ಬಿಟ್ಟು, ರಾಜಾಪುರ ನೋಡಿ ವಾಪಸು ಬಂದ ಕರಟಗಳನ್ನೇ ಒಲೆಗೆ ಹಾಕಿ ಹಂಡೆ ಕಾಯಿಸಿದೆ. ದಾರಿಯ ಧೂಳು ಹೋಗಲೆಂದು ಮನೆಯವರು ಮಿಂದರು, ವೀಣಾ ಇನ್ನೊಮ್ಮೆ ಮಿಂದಳು. ಕಡೆಗೆ ನಾನು ಹೋಗಿ ಚಿಲಕ ಹಾಕಿಕೊಂಡೆ. ನೀರು ಉಗುರುಬೆಚ್ಚಗೂ ಇರಲಿಲ್ಲ. ಯಾರೂ ಬಾಗಿಲು ಬಡಿಯಲಿಲ್ಲ. ಹೊರಗೆ ಬರಲು ನಾನೂ ಅವಸರ ಮಾಡಲಿಲ್ಲ.

ಬಿಸಿ ಅನ್ನ, ತಿಳಿಸಾರು, ಉಳಿದ ಚಪಾತಿ, ಶೇಂಗಾ ಚಟ್ನಿ ಉಂಡೆವು. ದಿನಾ ಹಾಲು ಮುಚ್ಚಿ, ಬಾಗಿಲು ನೋಡಿ, ಎಲ್ಲರೂ ಮಲಗಿದ ಮೇಲೆ ಮಲಗುವ ಅತ್ತೆ, ಅವತ್ತು ತಾಟು ಎತ್ತುವ ಮೊದಲೇ ಗೋಡೆಗೆ ಒರಗಿ ನಿದ್ದೆ ಹೋಗಿದ್ದರು. ಹಾಲು ನಾನು ಮುಚ್ಚಿದೆ.