ಮೂಗು ಹಿಡಿದು ಕೆನ್ನೆಗೆ

ಸ್ವಾತಂತ್ರ್ಯ ಬಂದು ಕೆಲವು ವರ್ಷಗಳಾಗಿದ್ದವು. ಚಾಮರಾಜಪೇಟೆಯ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ನಾನು ಫ್ರೆಂಚ್ ಹೇಳಿಕೊಡುತ್ತಿದ್ದೆ. ಪಾಂಡಿಚೇರಿಯಲ್ಲಿ ಹುಟ್ಟಿ ಬೆಳೆದು ಗವಿಪುರಕ್ಕೆ ಸೊಸೆಯಾಗಿ ಬಂದವಳು ನಾನು. ನನ್ನ ಫ್ರೆಂಚು ಇಲ್ಲಿ ಯಾರಿಗೆ ಬೇಕಾಗಿತ್ತೋ ದೇವರೇ ಬಲ್ಲ, ಆದರೂ ಮಕ್ಕಳು ಆಸೆಪಟ್ಟು ಕಲಿಯುತ್ತಿದ್ದರು. ಫ್ರೆಂಚರು ಭೇಟಿಯಾದಾಗ ಎರಡೂ ಕೆನ್ನೆಗೆ ಮುತ್ತಿಡುತ್ತಾರೆ ಎಂದಾಗ ಮಾತ್ರ ಇಡೀ ತರಗತಿ ಮುಖ ಸಿಂಡರಿಸಿತು. "ಎಂಜಲಲ್ವಾ ಮಿಸ್?" ಎಂದು ಒಬ್ಬಳು ಕೇಳಿದಳು.

ಆ ಶಾಲೆಯಲ್ಲಿ ಕೆನ್ನೆಗೆ ಬೇರೆಯೇ ಉಪಯೋಗವಿತ್ತು. ಮೇಷ್ಟ್ರು ಪ್ರಶ್ನೆ ಕೇಳುವುದು, ಗೊತ್ತಿದ್ದವಳು ಕೈಯೆತ್ತಿ ಹೇಳುವುದು, ಆಮೇಲೆ ಆ ಜಾಣೆಯೇ ಎದ್ದು ಉಳಿದವರ ಮೂಗನ್ನು ಎಡಗೈಯಲ್ಲಿ ಹಿಡಿದು ಬಲಗೈಯಲ್ಲಿ ಕೆನ್ನೆಗೆ ಬಾರಿಸುವುದು. ಮೆಲ್ಲಗೆ ಹೊಡೆದರೆ, ಹೊಡೆಯುವುದು ಹೇಗೆಂದು ಮೇಷ್ಟ್ರು ಅವಳ ಕೆನ್ನೆಯ ಮೇಲೇ ತೋರಿಸುತ್ತಿದ್ದರು. ಪಕ್ಕದ ಕೋಣೆಯಿಂದ ಬರುವ ಚಟ್ ಚಟ್ ಸದ್ದಿಗೆ ನನ್ನ ಮೈ ಉರಿಯುತ್ತಿತ್ತು. ನನ್ನ ತರಗತಿಯಲ್ಲಿ ಅದು ಕೂಡದು ಎಂದಿದ್ದೆ. "ದಂಡಂ ದಶಗುಣಂ ಕಣಮ್ಮಾ," ಎಂದು ಹೆಡ್ಮೇಷ್ಟ್ರು ನಕ್ಕಿದ್ದರು.

ನನ್ನ ತರಗತಿಯಲ್ಲಿ ಅಕ್ಕತಂಗಿಯರಿಬ್ಬರಿದ್ದರು. ಅಕ್ಕ ಟೈಫಾಯಿಡ್ ಬಂದು ಒಂದು ವರ್ಷ ಕಳೆದುಕೊಂಡು ತಂಗಿಯ ಜೊತೆ ಕೂತಿದ್ದಳು. ಎಲ್ಲರ ಪಾಲಿಗೆ ಅವಳು ದಡ್ಡಿ. ತಂಗಿ ಚುರುಕು. ನನ್ನ ಹತ್ತಿರ ಪಟಪಟ ಹೇಳುವ ಹುಡುಗಿ ಬೇರೆ ಮೇಷ್ಟ್ರ ಮುಂದೆ ತುಟಿ ಬಿಚ್ಚುತ್ತಿರಲಿಲ್ಲ. ಕೈಯೆತ್ತಿದರೆ ಅಕ್ಕನ ಮೂಗು ಹಿಡಿಯಬೇಕಲ್ಲ. ತರಗುಪೇಟೆಯಲ್ಲಿ ಬೇಳೆಕಾಳಿನ ಮಂಡಿ ಇಟ್ಟಿದ್ದ ಅವರಪ್ಪ ಶಾಲೆಗೆ ಬಂದು, ತಂಗಿಯನ್ನು ತೋರಿಸಿ, "ಬಾಯಿ ಬಿಡಲ್ಲ ಅಂತ ಇನ್ನೊಂದ್ಸಲ ದೂರು ಬಂದ್ರೆ ಇವಳಿಗೆ ಓದು ಸಾಕು, ಮನೇಲಿರ್ಲಿ" ಎಂದು ಹೇಳಿ ಹೋಗಿದ್ದರು.

ಒಂದು ಮಧ್ಯಾಹ್ನ ಹೆಡ್ಮೇಷ್ಟ್ರು ಬೆತ್ತ ಹಿಡಿದು ನನ್ನ ತರಗತಿಗೇ ಬಂದರು. ಬೆತ್ತದಿಂದ ಕಿಟಕಿ ತೋರಿಸಿ, "ಇದಕ್ಕೆ ಫ್ರೆಂಚಲ್ಲಿ ಏನಂತಾರೆ? ಗೊತ್ತಿದ್ದೋರು ಕೈಯೆತ್ತಿ" ಎಂದರು. ಹಿಂದಿನ ದಿನವಷ್ಟೇ ಕಲಿಸಿದ ಪದ. ಒಂದು ಕೈಯೂ ಮೇಲೇಳಲಿಲ್ಲ. ಅವರು ತಂಗಿಯ ಕಡೆ ತಿರುಗಿದರು. "ನೀನು ಹೇಳು. ಇಲ್ದಿದ್ರೆ ಇವತ್ತೇ ನಿಮ್ಮಪ್ಪನ್ನ ಕರೆಸ್ತೀನಿ."

ಅವಳು ನನ್ನನ್ನು ನೋಡಿದಳು, ಅಕ್ಕನನ್ನು ನೋಡಿದಳು. "ಫ್ನೆತ್ರ್" ಎಂದಳು.

"ಶಾಭಾಷ್. ಪಕ್ಕದೋಳಿಂದ್ಲೇ ಶುರು ಮಾಡು."

"ನನ್ನ ಕ್ಲಾಸಲ್ಲಿ ಬೇಡಿ ಸಾರ್" ಎಂದೆ. ಅವರು ಕಿವಿಗೇ ಹಾಕಿಕೊಳ್ಳಲಿಲ್ಲ.

ಹುಡುಗಿ ಅಕ್ಕನ ಮೂಗು ಹಿಡಿದಳು. ಬಲಗೈ ಎತ್ತಿದಳು, ಇಳಿಸಿದಳು. ಮೂಗು ಬಿಟ್ಟು, ನಾನು ಹೇಳಿಕೊಟ್ಟಿದ್ದ ಹಾಗೆಯೇ, ಒಂದು ಕೆನ್ನೆಗೆ, ಆಮೇಲೆ ಇನ್ನೊಂದಕ್ಕೆ ಮುತ್ತಿಟ್ಟಳು.

ಹೆಡ್ಮೇಷ್ಟ್ರ ಮುಖ ಕಪ್ಪಿಟ್ಟಿತು. ಅಂಗೈ ಚಾಚು ಎನ್ನಲೂ ಇಲ್ಲ. ಕೈ, ತೋಳು, ಬೆನ್ನು, ಸಿಕ್ಕಸಿಕ್ಕಲ್ಲಿ ಬಾರಿಸಿದರು. ಅಡ್ಡ ಹಿಡಿದ ಅಂಗೈಯ ಚರ್ಮ ಒಡೆದು ಲಂಗದ ಮೇಲೆ ರಕ್ತ ತೊಟ್ಟಿಕ್ಕಿತು. ನಾನು ನುಗ್ಗಿ ಬೆತ್ತ ಕಿತ್ತುಕೊಂಡೆ. ಮೊಣಕಾಲಿಗೆ ಕೊಟ್ಟು ಮುರಿಯಲು ಹೋದರೆ, ಹಾಳಾದ ನಾಗರಬೆತ್ತ, ಬಾಗಿತೇ ಹೊರತು ಮುರಿಯಲಿಲ್ಲ. ಚಿಮ್ಮಿ ನನ್ನ ಗಲ್ಲಕ್ಕೇ ಬಡಿಯಿತು. ಆ ಮನುಷ್ಯನಿಗೆ ನಾಲ್ಕು ಬಿಗಿಯಬೇಕೆಂದು ನನ್ನ ಕೈ ಕಡಿಯುತ್ತಿತ್ತು. ಹೇಗೋ ತಡೆದುಕೊಂಡು ಬೆತ್ತವನ್ನು ಅದೇ ಕಿಟಕಿಯಿಂದ ಆಚೆ ಎಸೆದೆ. "ನಾಳೆಯಿಂದ ನೀವು ಬರಬೇಡಿ" ಎಂದು ಅವರು ಏದುಸಿರು ಬಿಡುತ್ತ ಹೊರಟುಹೋದರು.

ಅಂಗಳದ ನಲ್ಲಿಯ ಕೆಳಗೆ ಹುಡುಗಿಯ ಕೈ ಹಿಡಿದು ತೊಳೆದೆ. ಅವಳ ಕಣ್ಣಲ್ಲಿ ಒಂದು ಹನಿ ನೀರಿಲ್ಲ. ಅಕ್ಕ ಪಕ್ಕದಲ್ಲಿ ಬಿಕ್ಕುತ್ತ ನಿಂತಿದ್ದಳು.

"ನಂಗೂ ಗೊತ್ತಿತ್ತು ಮಿಸ್," ಎಂದಳು ಅಕ್ಕ. "ಫ್ನೆತ್ರ್ ಅಂತ. ಬೇರೆ ಪಾಠಾನೂ ಗೊತ್ತಿರತ್ತೆ. ಹೇಳಿದ್ರೆ ಇವಳಿಗೆ ಹೊಡೀಬೇಕಲ್ಲ, ಅದಕ್ಕೆ ಸುಮ್ನಿರ್ತೀನಿ."

ತಂಗಿ ನಲ್ಲಿಯಿಂದ ಕೈ ಎಳೆದುಕೊಂಡು, ಆ ಒಡೆದ ಅಂಗೈಯಲ್ಲೇ ಅಕ್ಕನ ಕೆನ್ನೆಗೆ ಬಾರಿಸಿದಳು. ಆಮೇಲೆ ಅತ್ತಳು.